ಐದನೇ ಸೈಕಲ್ ಎಲ್ಲಿ ನಿಲ್ಲಿಸುತ್ತೀರಿ?

ಸೈಕಲ್ ಅಂಗಡಿ ಕಟ್ಟೆ: ಓದುಗರ ಪ್ರಶ್ನೆ, ಹಳೇ ಅಂಗಡಿಯವನ ಉತ್ತರ

ಪ್ರಶ್ನೆ: ಸಾರ್, ನನಗೆ 39 ವರ್ಷ. ಸಾಫ್ಟ್‌ವೇರ್ ಕೆಲಸ. 2020ರಲ್ಲಿ ಲಾಕ್‌ಡೌನ್ ಸಡಿಲವಾದಾಗ ಡಾಂಬರಿಗೂ ಸಾಧಾರಣ ಮಣ್ಣುದಾರಿಗೂ ಆಗುವ ಒಂದು ಹೈಬ್ರಿಡ್ ಸೈಕಲ್ ತಗೊಂಡೆ. ಆಮೇಲೆ ಶಿಮಾನೋ ಕಂಪನಿಯ 8 ಸ್ಪೀಡ್ ಕ್ಲಾರಿಸ್ ಗೇರಿನ ರೋಡ್ ಬೈಕ್ ಬಂತು. ಕಾಡುದಾರಿಗೆ ಅಂತ ಎಂಟಿಬಿ (ಮೌಂಟನ್ ಬೈಕ್) ಬಂತು. ಮೆಟ್ರೋದಲ್ಲಿ ಒಯ್ಯಬಹುದು ಅಂತ ಮಡಚುವ ಸೈಕಲ್ಲೂ ಬಂತು. ನಮ್ಮದು ಎರಡು ಬೆಡ್‌ರೂಮಿನ ಮನೆ. ಎರಡು ಸೈಕಲ್ ಬಾಲ್ಕನಿಯಲ್ಲಿ, ಒಂದು ಹಾಲ್‌ನಲ್ಲಿ, ಇನ್ನೊಂದು ಬಟ್ಟೆ ಒಣಗಿಸುವ ಜಾಗದಲ್ಲಿ ನಿಂತಿದೆ. ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಪಾರ್ಟ್ಸ್. ಹೋದ ತಿಂಗಳು ಶಿಮಾನೋ 105 ಹನ್ನೊಂದು ಸ್ಪೀಡಿನ ರಿಯರ್ ಡಿರೇಲರ್ (ಗೇರ್ ಬದಲಿಸುವಾಗ ಹಿಂದೆ ಚೈನ್ ಸರಿಸುವ ಪಾರ್ಟ್) ಸೆಕೆಂಡ್ ಹ್ಯಾಂಡ್‌ನಲ್ಲಿ 3,500 ರೂಪಾಯಿಗೆ ಸಿಕ್ತು ಅಂತ ತಗೊಂಡೆ. ಈಗ 1 ಲಕ್ಷದ 20 ಸಾವಿರದ ಗ್ರಾವೆಲ್ ಬೈಕ್ ಮೇಲೆ ಕಣ್ಣು ಬಿದ್ದಿದೆ. ಜಿಎಸ್‌ಟಿ ಬೇರೆ ಇಳಿದಿದೆ. 'ಬೇಕಾದ ಸೈಕಲ್ ಎಷ್ಟು? ಎನ್ ಪ್ಲಸ್ ಒನ್' ಅಂತಾರೆ ಗೆಳೆಯರು, ಎನ್ ಅಂದರೆ ಈಗ ಇರುವ ಸೈಕಲ್ ಸಂಖ್ಯೆ. ಹೆಂಡತಿ ಏನೂ ಹೇಳುತ್ತಿಲ್ಲ. ಅದೇ ಭಯ. ಈ ಚಟ ಬಿಡುವುದು ಹೇಗೆ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಗೆಳೆಯರು ಆ ತಮಾಷೆಯನ್ನು ಅರ್ಧ ಮಾತ್ರ ಹೇಳಿದ್ದಾರೆ. ಇನ್ನರ್ಧ ಹೀಗಿದೆ: ಸೈಕಲ್‌ಗಳ ಸಂಖ್ಯೆ ಯಾವತ್ತೂ ಎಸ್ ಮೈನಸ್ ಒನ್ ದಾಟಬಾರದು. ಎಸ್ ಅಂದರೆ ಹೆಂಡತಿ ಬ್ಯಾಗ್ ಹಿಡಿದು ತವರಿಗೆ ಹೊರಡುವ ಸಂಖ್ಯೆ. ಅದು ನಾಲ್ಕೋ ಐದೋ ಅಂತ ಮೊದಲೇ ತಿಳಿಯುವ ಉಪಾಯ ಇಲ್ಲ. ಬಟ್ಟೆ ಒಣಗಿಸುವ ಜಾಗದಲ್ಲಿ ಸೈಕಲ್ ನಿಲ್ಲಿಸಿದ ಮೇಲೂ ಅವರು ಸುಮ್ಮನಿದ್ದಾರೆ ಅಂದರೆ ನಿಮ್ಮ ಪುಣ್ಯ ದೊಡ್ಡದು. ಮೊದಲು ಆ ಜಾಗ ಖಾಲಿ ಮಾಡಿ. ಉಳಿದ ಮಾತು ಆಮೇಲೆ.

ನಾನು ಮೈಸೂರಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಸೈಕಲ್ ಮಾರಿದವನು. ಮಾರಿ ಹೊಟ್ಟೆ ಹೊರೆದವನೇ ಈಗ ಕೊಳ್ಳಬೇಡಿ ಅನ್ನುತ್ತಾನಲ್ಲ ಅಂತ ನಗಬೇಡಿ. ಗಿರಾಕಿ ಯಾಕೆ ಬಂದಿದ್ದಾನೆ ಅನ್ನುವುದು ಕೌಂಟರಿನ ಹಿಂದೆ ನಿಂತವನಿಗೆ ಬೇಗ ಗೊತ್ತಾಗುತ್ತದೆ. ಒಬ್ಬ ಸವೆದ ಬ್ರೇಕ್ ಪ್ಯಾಡ್ ಕೈಯಲ್ಲಿ ಹಿಡಿದು ಬರುತ್ತಾನೆ. ಇನ್ನೊಬ್ಬ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾ ಬರುತ್ತಾನೆ. ಮೊದಲನೆಯವನಿಗೆ ಕೊಟ್ಟ ಸಾಮಾನನ್ನು ನಾನು ಮತ್ತೆ ನೋಡುತ್ತಿರಲಿಲ್ಲ, ಅದು ರಸ್ತೆಯಲ್ಲಿ ಸವೆದು ಮುಗಿಯುತ್ತಿತ್ತು. ಎರಡನೆಯವನು ಒಂದು ವರ್ಷ ಬಿಟ್ಟು, ಡಬ್ಬಿ ಸಮೇತ ಅದನ್ನೇ ತಂದು, 'ಯಾರಾದ್ರೂ ತಗೊಳ್ಳೋರಿದ್ರೆ ಹೇಳಿ ಸಾರ್' ಅನ್ನುತ್ತಿದ್ದ.

ಇನ್ನೊಂದು ವಿಷಯ ನೋಡಿದ್ದೇನೆ. ಜೂನ್, ಜುಲೈನಲ್ಲಿ ಮಳೆ ಹಿಡಿದಾಗ ಸೈಕಲ್ ಹತ್ತುವವರು ಕಡಿಮೆ. ಆದರೆ ಹ್ಯಾಂಡಲ್ ಟೇಪ್ ಇದೆಯಾ, ಕಾರ್ಬನ್ ಸೀಟ್‌ಪೋಸ್ಟ್ ಬಂತಾ ಅನ್ನುವ ಫೋನು ಆಗಲೇ ಜಾಸ್ತಿ. ಡಿಸೆಂಬರ್‌ನಲ್ಲಿ, ಬೆಳಗ್ಗೆ ಐದಕ್ಕೇ ಎಲ್ಲರೂ ರಸ್ತೆಯಲ್ಲಿರುವ ಕಾಲದಲ್ಲಿ, ಬರುತ್ತಿದ್ದದ್ದು ಟ್ಯೂಬ್, ಪ್ಯಾಚ್, ಚೈನ್ ಕೇಳುವವರು. ಸೈಕಲ್ ತುಳಿಯುವುದು ನಿಂತಾಗ ಕೊಳ್ಳುವ ಆಸೆ ಏಳುತ್ತದೆ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ಗ್ರಾವೆಲ್ ಬೈಕ್ ನೋಡುತ್ತೀರಿ ಅಲ್ವಾ? ನಂದಿ ಬೆಟ್ಟ ಹತ್ತಿ ಬಂದ ಭಾನುವಾರ ಮಧ್ಯಾಹ್ನ ನೋಡುತ್ತೀರಾ? ಆ ಹೊತ್ತಿನಲ್ಲಿ ಊಟ ಮಾಡಿ ಮಲಗುತ್ತೀರಿ.

ಒಂದು ಪರೀಕ್ಷೆ ಹೇಳುತ್ತೇನೆ. ಇವತ್ತು ಸಂಜೆ ಮನೆಯಲ್ಲಿರುವ ಎಲ್ಲ ಸೈಕಲ್‌ಗಳ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ರೋಡ್ ಬೈಕಿನ ಸಣ್ಣ ಟೈರ್ ಒಂದು ವಾರದಲ್ಲೇ ಗಾಳಿ ಇಳಿಸಿಕೊಳ್ಳುತ್ತದೆ. ಎಂಟಿಬಿಯ ದಪ್ಪ ಟೈರು ಇನ್ನೂ ಕೆಲವು ವಾರ ತಡೆಯುತ್ತದೆ. ಬೆರಳು ಒಳಗೆ ಹೋಗುವಷ್ಟು ಮೆತ್ತಗಿರುವ ಸೈಕಲ್ ಯಾವುದೋ ಅದನ್ನು ನೀವು ಓಡಿಸುತ್ತಿಲ್ಲ. ನೀವು ಆ್ಯಪ್‌ನಲ್ಲಿ ಏನು ಬರೆದುಕೊಂಡಿದ್ದರೂ ಟೈರ್ ಸುಳ್ಳು ಹೇಳುವುದಿಲ್ಲ. ನನ್ನ ಅಂದಾಜಿನಲ್ಲಿ ನಾಲ್ಕರಲ್ಲಿ ಎರಡಾದರೂ ಮೆತ್ತಗಿರುತ್ತವೆ. ನಿಲ್ಲಿಸಿದ ಸೈಕಲ್ ಹೊಸದಾಗಿಯೇ ಉಳಿಯುತ್ತದೆ ಅಂದುಕೊಳ್ಳಬೇಡಿ. ಬಾಲ್ಕನಿಯ ಬಿಸಿಲಿಗೆ ಟೈರಿನ ಪಕ್ಕ ಸೀಳು ಬಿಡುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ಕೆಲವೇ ತಿಂಗಳಲ್ಲಿ ಒಣಗಿ ಪೊರೆಯಾಗುತ್ತದೆ. ಓಡಿಸದ ಸೈಕಲ್ಲಿಗೂ ಖರ್ಚು ಇದ್ದೇ ಇದೆ.

ಈಗ ನಿಮ್ಮ 3,500 ರೂಪಾಯಿಯ ಡಿರೇಲರ್ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜನ ಕೆಡುವುದು ದೊಡ್ಡ ಸೈಕಲ್ ಕೊಂಡು ಅಲ್ಲ, ಹೀಗೆ 'ಅಗ್ಗಕ್ಕೆ ಸಿಕ್ಕ' ಸಾಮಾನಿನಿಂದ.

ನಿಮ್ಮ ಕ್ಲಾರಿಸ್ ಶಿಫ್ಟರ್ (ಗೇರ್ ಬದಲಿಸುವ ಹಿಡಿ) ಒಂದು ಕ್ಲಿಕ್ಕಿಗೆ ಎಳೆಯುವ ಕೇಬಲ್ ಬೇರೆ, ಹನ್ನೊಂದು ಸ್ಪೀಡಿನ ಡಿರೇಲರ್ ಕೇಳುವ ಅಳತೆ ಬೇರೆ. ಎರಡನ್ನೂ ಜೋಡಿಸಿದರೆ ಗೇರ್ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹನ್ನೊಂದು ಸ್ಪೀಡಿನ ಶಿಫ್ಟರ್ ಜೋಡಿ ಬೇಕು. ಶಿಫ್ಟರ್ ಬಂದ ಮೇಲೆ ಹನ್ನೊಂದು ಸ್ಪೀಡಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಬೇಕು, ಅದಕ್ಕೆ ಹೊಂದುವ ತೆಳು ಚೈನ್ ಬೇಕು. ಕ್ಯಾಸೆಟ್ ತಂದು ಚಕ್ರಕ್ಕೆ ಕೂರಿಸಲು ಹೋದಾಗ ಗೊತ್ತಾಗುತ್ತದೆ, ಅದು ಕೂರುವುದಿಲ್ಲ. ಹನ್ನೊಂದು ಸ್ಪೀಡಿನ ರೋಡ್ ಕ್ಯಾಸೆಟ್‌ಗೆ ಸಾಮಾನ್ಯವಾಗಿ ಹಳೇ 8, 9, 10 ಸ್ಪೀಡಿನ ಫ್ರೀಹಬ್‌ಗಿಂತ 1.85 ಮಿ.ಮೀ. ಹೆಚ್ಚು ಉದ್ದದ ಫ್ರೀಹಬ್ (ಕ್ಯಾಸೆಟ್ ಕೂರುವ, ಚಕ್ರದ ನಡುವಿನ ಭಾಗ) ಬೇಕು. ಎರಡು ಮಿಲಿಮೀಟರ್ ಕೂಡ ಇಲ್ಲ. ಆದರೆ ಅಷ್ಟಕ್ಕೆ ಹೊಸ ಹಿಂದಿನ ಚಕ್ರ. ಹಿಂದಿನದು ಹೊಸದಾದರೆ ಮುಂದಿನದು ಹಳೇದಾಗಿ ಕಾಣುತ್ತದೆ, ಜೋಡಿಯೇ ತಗೊಳ್ಳೋಣ ಅನ್ನಿಸುತ್ತದೆ. ಮುಂದಿನ ಡಿರೇಲರ್ ಬೇರೆ ಇದೆ. ಕೊನೆಗೆ ಖರ್ಚು ಅರ್ಧ ಲಕ್ಷದ ಸುತ್ತ ಬಂದು ನಿಲ್ಲುತ್ತದೆ. ಸೈಕಲ್ಲಿನಲ್ಲಿ ಉಳಿಯುವ ಹಳೇ ಸಾಮಾನು ಫ್ರೇಮು, ಹ್ಯಾಂಡಲ್, ಬ್ರೇಕು, ಸೀಟು, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಷ್ಟೇ. ಇಷ್ಟಾದ ಮೇಲೂ ಬೆಟ್ಟದಲ್ಲಿ ನಿಮ್ಮ ಕಾಲು ಅದೇ ಕಾಲು.

ಆ ಡಿರೇಲರನ್ನು ಕೊಂಡ ಬೆಲೆಗೇ, ಬೇಕಿದ್ದರೆ ಐನೂರು ಕಡಿಮೆಗೆ, ಈ ವಾರವೇ ಮಾರಿಬಿಡಿ. ಅದು ಮನೆಯಲ್ಲಿದ್ದರೆ ಉಳಿದ ಬಳಗವನ್ನು ಕರೆಯುತ್ತಲೇ ಇರುತ್ತದೆ.

ತೂಕದ ಹುಚ್ಚಿನ ಬಗ್ಗೆ ನೀವು ಕೇಳಿಲ್ಲ. ಆದರೂ ಅಟ್ಟದ ಪೆಟ್ಟಿಗೆಯಲ್ಲಿ ಒಂದಾದರೂ ಕಾರ್ಬನ್ ಸಾಮಾನು ಇರುತ್ತದೆ ಅಂತ ನನ್ನ ಪಂಥ. ಲೆಕ್ಕ ನೋಡಿ. ನೀವು 78 ಕೆ.ಜಿ. ಅಂದುಕೊಳ್ಳೋಣ. ಸೈಕಲ್ 10, ನೀರು, ಬಟ್ಟೆ, ಟೂಲ್ ಎಲ್ಲ ಸೇರಿ 2. ಒಟ್ಟು 90. ಕಾರ್ಬನ್ ಹ್ಯಾಂಡಲ್, ಸೀಟ್‌ಪೋಸ್ಟ್ ಹಾಕಿ 450 ಗ್ರಾಂ ಇಳಿಸಿದಿರಿ. ಅಂದರೆ ನೂರಕ್ಕೆ ಅರ್ಧ. ಬುಡದಿಂದ ನಂದಿ ಬೆಟ್ಟದ ತುದಿಗೆ ನಿಮಗೆ ಅರ್ಧ ಗಂಟೆ ಬೇಕು ಅಂದರೆ ಉಳಿಯುವುದು ಸುಮಾರು 9 ಸೆಕೆಂಡ್. ಸೈಕಲ್ಲಿನಲ್ಲಿ ಎರಡು ಬಾಟಲಿ ಇದ್ದರೆ ಒಂದನ್ನು ಖಾಲಿ ಒಯ್ಯಿರಿ, ಇದಕ್ಕಿಂತ ಜಾಸ್ತಿ ತೂಕ ಇಳಿಯುತ್ತದೆ. ದುಡ್ಡೂ ಬೇಡ.

ಗ್ರಾವೆಲ್ ಬೈಕ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಚೆನ್ನಾಗಿಯೇ ಇರುತ್ತದೆ. ಆದರೆ ಅದು ಮಾಡುವ ಕೆಲಸ ಏನು? ಡಾಂಬರಿನಲ್ಲೂ ಓಡಬೇಕು, ಕೆರೆ ಏರಿಯ ಮಣ್ಣುದಾರಿಯಲ್ಲೂ ಓಡಬೇಕು. ಸಾಮಾನ್ಯವಾಗಿ ಹೈಬ್ರಿಡ್‌ನಲ್ಲಿ 35 ಅಥವಾ 38 ಮಿ.ಮೀ. ಟೈರ್ ಇರುತ್ತದೆ. ಗ್ರಾವೆಲ್ ಬೈಕ್‌ಗೆ 40ರ ಆಸುಪಾಸು. ವ್ಯತ್ಯಾಸ ಕಣ್ಣಿಗೆ ಕಾಣುವುದು ಕುರಿಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್‌ನಲ್ಲಿ ಮಾತ್ರ. ನಿಮ್ಮ ಹೈಬ್ರಿಡ್‌ಗೆ ಒಂದು ಜೊತೆ ಒಳ್ಳೆ ಟೈರ್ ಹಾಕಿ, ಗಾಳಿ ಸ್ವಲ್ಪ ಕಡಿಮೆ ಇಟ್ಟು, ದೇವನಹಳ್ಳಿ ಕಡೆಯ ಮಣ್ಣುದಾರಿಗಳಲ್ಲಿ ಮೂರು ತಿಂಗಳು ತಿರುಗಿ. ಕೈ ಜೋಮು ಹಿಡಿಯಿತು, ಹ್ಯಾಂಡಲ್ ಹಿಡಿಯಲು ಇನ್ನೊಂದು ಜಾಗ ಬೇಕೇ ಬೇಕು ಅಂತ ದಾರಿಯಲ್ಲೇ ಅನ್ನಿಸಿದರೆ ಆಗ ಯೋಚಿಸಿ.

ಅದಕ್ಕಿಂತ ಒಳ್ಳೆ ಉಪಾಯ ಒಂದು 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ, ಸ್ಪರ್ಧೆಯಲ್ಲದ ದೂರದ ಸವಾರಿಗೆ) ಹೆಸರು ಕೊಡುವುದು. ಬೆಂಗಳೂರಿನಿಂದಲೇ ನಡೆಯುತ್ತವೆ. 13 ಗಂಟೆ 30 ನಿಮಿಷ ಸಮಯ ಕೊಡುತ್ತಾರೆ. ಊಟ, ಪಂಕ್ಚರ್ ಎಲ್ಲ ಸೇರಿಸಿಯೂ ಸರಾಸರಿ ಗಂಟೆಗೆ 15 ಕಿ.ಮೀ. ಸಾಕು. ಇದಕ್ಕೆ ಐದನೇ ಸೈಕಲ್ ಬೇಡ, ಎರಡನೆಯದೂ ಬೇಡ. ನಾಲ್ಕು ತಿಂಗಳು ತಯಾರಿ ಬೇಕು. ಆ ನಾಲ್ಕು ತಿಂಗಳು ರಾತ್ರಿ ಹನ್ನೊಂದಕ್ಕೆ ನಿದ್ದೆ ಬಂದಿರುತ್ತದೆ.

ಹಾಗಂತ ಏನೂ ಕೊಳ್ಳಬೇಡಿ ಅಂದರೆ ಸೈಕಲ್ ನಿಂತುಹೋಗುತ್ತದೆ. ಟೈರಿಗೆ, ಬ್ರೇಕ್ ಪ್ಯಾಡಿಗೆ, ದೀಪಕ್ಕೆ ಜಿಪುಣತನ ಬೇಡ. ಚೈನ್ ಸವೆದಿದೆಯಾ ಅಂತ ನೋಡಲು ಬಡಗಿಯ ಒಂದು ಅಡಿಯ ಉಕ್ಕಿನ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಹಿಡಿದರೆ, ಅಲ್ಲಿಂದ 24ನೇ ಪಿನ್ನಿನ ಮಧ್ಯ ಸರಿಯಾಗಿ 12 ಇಂಚಿಗೆ ಬರುತ್ತದೆ. ಇಂಚಿನ ಹದಿನಾರರಲ್ಲೊಂದು ಪಾಲು ದಾಟಿದ್ದರೆ ಚೈನ್ ಬದಲಿಸಿ. ಸುಮ್ನೆ ಓಡಿಸುತ್ತಾ ಹೋದರೆ ಕ್ಯಾಸೆಟ್ಟನ್ನೂ ತಿನ್ನುತ್ತದೆ. ಇದು ಖರೀದಿಯಲ್ಲ, ಉಳಿತಾಯ.

ಉಳಿದದ್ದಕ್ಕೆ ಒಂದು ಸಣ್ಣ ನೋಟ್‌ಬುಕ್ ಇಡಿ, ಪಂಪ್ ಇಟ್ಟಿರುವ ಜಾಗದಲ್ಲೇ. ಅದರಲ್ಲಿ ಬರೆಯುವುದು ಸೈಕಲ್ ತುಳಿದು ವಾಪಸ್ ಬಂದಾಗ ಮಾತ್ರ, ಬೂಟು ಬಿಚ್ಚುವ ಮೊದಲು. ದಾರಿಯಲ್ಲಿ ಯಾವುದು ಕೈಕೊಟ್ಟಿತು ಅಂತ ಬರೆಯಿರಿ. 'ಹಿಂದಿನ ಬ್ರೇಕ್ ಕಿರುಚುತ್ತದೆ', 'ಸೀಟು ಒತ್ತುತ್ತದೆ', ಹೀಗೆ. ಒಂದೇ ದೂರು ಮೂರು ಸಲ ಬಂದರೆ ಅದಕ್ಕೆ ದುಡ್ಡು ಬಿಚ್ಚಿ. ಮೊಬೈಲಿನಲ್ಲಿ ನೋಡಿದ್ದು ಆ ಪುಸ್ತಕಕ್ಕೆ ಬರುವಂತಿಲ್ಲ. 'ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು' ಅನ್ನುವುದೂ ದೂರಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇಳಿದದ್ದು ನಿಜ. ಬೇಡದ ಸಾಮಾನಿಗೆ ನೂರಾ ಹನ್ನೆರಡು ಕೊಡುವ ಕಡೆ ಏಳು ಉಳಿದರೆ ಮಿಕ್ಕ ನೂರೈದು ಹೋಗುವುದೂ ಅಷ್ಟೇ ನಿಜ.

ನಿಮ್ಮಂಥವರಲ್ಲಿ ಅನೇಕರಿಗೆ ಬೇಕಾಗಿರುವುದು ಸಾಮಾನಲ್ಲ, ಕೈಗೆ ಕೆಲಸ. ಇಡೀ ದಿನ ಸ್ಕ್ರೀನ್ ನೋಡಿದವರಿಗೆ ರಾತ್ರಿ ಏನಾದರೂ ತಿರುಗಿಸಬೇಕು, ಒರೆಸಬೇಕು ಅನ್ನಿಸುತ್ತದೆ. ಹೊಸ ಡಬ್ಬಿ ಬಿಚ್ಚಿದರೆ ಆ ಖುಷಿ ಅರ್ಧ ಗಂಟೆ. ಅದರ ಬದಲು ಹೈಬ್ರಿಡ್‌ನ ಮುಂದಿನ ಚಕ್ರದ ನಡುವಿನ ಹಬ್ ಬಿಚ್ಚಿ. ಬಿಡಿ ಬಾಲ್ಸ್ ಇರುವ ಕಪ್ ಅಂಡ್ ಕೋನ್ ಮಾದರಿಯದಾದರೆ ಸಾಮಾನ್ಯವಾಗಿ 13ರ ಕೋನ್ ಸ್ಪ್ಯಾನರ್ ಸಾಕು, ಹಿಂದಿನದಕ್ಕೆ 15. ಶಿಮಾನೋ ಹಬ್ ಆದರೆ ಮುಂದೆ ಒಂದೊಂದು ಕಡೆ ಹತ್ತು ಸಣ್ಣ ಬಾಲ್ಸ್, ಹಿಂದೆ ಒಂಬತ್ತೊಂಬತ್ತು ದೊಡ್ಡವು. ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ, ಇಲ್ಲವಾದರೆ ಸೋಫಾ ಕೆಳಗೆ ಹುಡುಕಬೇಕು. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್‌ನಲ್ಲಿ ತೊಳೆಯಿರಿ. ಹೊಸ ಗ್ರೀಸ್ ತುಂಬಿ, ಕೋನ್ ಬಿಗಿ ಮಾಡಿ. ಆಟವೂ ಇರಬಾರದು, ಬಿಗಿತವೂ ಇರಬಾರದು. ಆ ಹದ ಸಿಗಲು ಒಂದು ಸಂಜೆ ಬೇಕು. ಚಕ್ರ ಎತ್ತಿ ಹಿಡಿದು ತಿರುಗಿಸಿದಾಗ ಸದ್ದಿಲ್ಲದೆ, ಕೈಗೆ ತಡೆ ಸಿಗದೆ ತಿರುಗಿದರೆ ಸೈಕಲ್ ಹೊಸದಾದಂತೆಯೇ. (ಟೂಲ್ಸ್ ಕೊಳ್ಳುವ ಚಟ ಬೇರೆಯೇ ಒಂದಿದೆ. ಅದರ ಬಗ್ಗೆ ದಯವಿಟ್ಟು ಈಗಲೇ ಪತ್ರ ಬರೆಯಬೇಡಿ.)

ನನ್ನ ತೀರ್ಪು: ಮೆತ್ತಗಿರುವ ಎರಡು ಸೈಕಲ್ ಮಾರಿ. ದುಡ್ಡು ಕೈಗೆ ಬಂದ ಮೇಲೆ, ಉಳಿದ ಎರಡನ್ನು ಒಂದು ಮಳೆಗಾಲ, ಒಂದು ಚಳಿಗಾಲ ಓಡಿಸಿ. ಆಗಲೂ ಗ್ರಾವೆಲ್ ಬೈಕ್ ಬೇಕೆನಿಸಿದರೆ ಹೋಗಿ ತನ್ನಿ, ನಾನು ಅಡ್ಡ ಬರುವುದಿಲ್ಲ. ಮಾರುವ ಮೊದಲು ಮಾತ್ರ ತರಬೇಡಿ. 'ಇದು ಬಂದ ಮೇಲೆ ಅದನ್ನು ಮಾರುತ್ತೇನೆ' ಅಂದವರಲ್ಲಿ ಮಾರಿದವರನ್ನು ನಾನು ಕಂಡದ್ದು ಅಪರೂಪ.

ಪ್ರಶ್ನೆ: ನಾನು ರೈತ. ಮಗಳಿಗೆ 14 ವರ್ಷ, ಸೈಕ್ಲಿಂಗ್ ತರಬೇತಿಗೆ ಹೋಗ್ತಾಳೆ. ಕೋಚ್ ಅವರು ರೋಡ್ ಸೈಕಲ್ ಬೇರೆ, ಟ್ರ್ಯಾಕ್ ಸೈಕಲ್ ಬೇರೆ ಬೇಕು ಅಂತಾರ. ಜೊತೆಗಿನ ಮಕ್ಕಳು ಕಾರ್ಬನ್ ಚಕ್ರ ಹಾಕಿಸ್ಯಾರ. ಇಷ್ಟೆಲ್ಲ ಖರೇನ ಬೇಕೇನ್ರಿ?
— ಒಬ್ಬ ತಂದೆ, ವಿಜಯಪುರ ಜಿಲ್ಲೆ

ಉತ್ತರ: ಎರಡು ಸೈಕಲ್ ಖರೇನ ಬೇಕು. ಮೇಲಿನ ಬೆಂಗಳೂರಿನವರ ನಾಲ್ಕಕ್ಕೂ ನಿಮ್ಮ ಮಗಳ ಎರಡಕ್ಕೂ ಹೋಲಿಕೆಯೇ ಇಲ್ಲ. ಟ್ರ್ಯಾಕ್ ಸೈಕಲ್ಲಿಗೆ ಒಂದೇ ಗೇರ್, ಬ್ರೇಕ್ ಇಲ್ಲ, ಚಕ್ರ ತಿರುಗುವಷ್ಟು ಹೊತ್ತು ಪೆಡಲ್ಲೂ ತಿರುಗುತ್ತಲೇ ಇರುತ್ತದೆ. ಅದನ್ನು ರಸ್ತೆಗೆ ತರುವಂತಿಲ್ಲ. ರೋಡ್ ಸೈಕಲ್ ಟ್ರ್ಯಾಕ್ ಸ್ಪರ್ಧೆಗೆ ಆಗುವುದಿಲ್ಲ. ವಿಜಯಪುರ, ಬಾಗಲಕೋಟೆಯ ಮಕ್ಕಳು ರಾಜ್ಯಕ್ಕೆ ಪದಕ ತರುತ್ತಿರುವುದು ಈ ಎರಡರ ಮೇಲೂ ಬೆವರು ಸುರಿಸಿಯೇ.

ಆದರೆ ಹದಿನಾಲ್ಕರ ಮಗು ಇನ್ನೂ ಬೆಳೆಯುತ್ತದೆ. ಎರಡೂ ಫ್ರೇಮ್ ಇನ್ನೆರಡು ವರ್ಷದಲ್ಲಿ ಸಣ್ಣದಾಗಬಹುದು. ಹೊಸದು ಬೇಡ. ಅವಳಿಗಿಂತ ದೊಡ್ಡ ಮಕ್ಕಳು ಬಿಟ್ಟ ಸೈಕಲ್ ಇದೆಯಾ ಅಂತ ಕೋಚ್ ಹತ್ತಿರವೇ ಕೇಳಿ, ಅಲ್ಯೂಮಿನಿಯಂ ಫ್ರೇಮ್ ಧಾರಾಳ ಸಾಕು. 'ಬೆಳೀತಾಳೆ' ಅಂತ ಒಂದು ಸೈಜ್ ದೊಡ್ಡದನ್ನು ಮಾತ್ರ ತರಬೇಡಿ, ಬೆನ್ನು, ಮಂಡಿ ಎರಡೂ ನೋಯುತ್ತವೆ. ಕಾರ್ಬನ್ ಚಕ್ರ ಈಗ ಬೇಡ. ಹಗುರ ಮಾಡುವುದಕ್ಕೂ ಒಂದು ಮಿತಿ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ ಅಂತ 2000ದಿಂದ ನಿಯಮವೇ ಇದೆ. ಆ ದುಡ್ಡಿನಲ್ಲಿ ಮಗುವಿಗೆ ಹಾಲು, ಮೊಟ್ಟೆ, ಒಂದು ಒಳ್ಳೆ ಹೆಲ್ಮೆಟ್ ಕೊಡಿಸಿ. ಪದಕ ಬಂದರೆ ನನಗೊಂದು ಕಾರ್ಡ್ ಹಾಕಿ.

ಪ್ರಶ್ನೆ: ಅಪ್ಪನ ಕಾಲದ ಅಟ್ಲಾಸ್ ಸೈಕಲ್ ರೆಡಿ ಮಾಡುತ್ತಿದ್ದೇನೆ. ಆನ್‌ಲೈನ್‌ನಲ್ಲಿ 28 ಇಂಚಿನ ಟೈರ್ ಎರಡು ಸಲ ತರಿಸಿದೆ, ಎರಡೂ ಸಲ ಕೂರಲಿಲ್ಲ. ಡೈನಮೋ, ಮೂರು ಬಗೆಯ ಬೆಲ್, ಹೊಸ ಅಲಾಯ್ ರಿಮ್ ಕೂಡ ತಂದಿದ್ದೇನೆ. ಇನ್ನೂ ಏನೇನು ಬೇಕು?
— ಓದುಗ, ಶಿವಮೊಗ್ಗ

ಉತ್ತರ: ಇನ್ನೇನೂ ಬೇಡ, ಮೊದಲು ನಿಲ್ಲಿಸಿ. 28 ಇಂಚು ಅಂತ ಬರೆದಿರುವ ಟೈರಿನಲ್ಲೇ ಬೇರೆ ಬೇರೆ ಜಾತಿ ಇದೆ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದ ನಂಬರ್ ನೋಡಿ. ನಿಮಗೆ ಬಂದದ್ದರಲ್ಲಿ 622 ಅಂತ ಇರುತ್ತದೆ, ಅದು ಈಗಿನ ಗೇರ್ ಸೈಕಲ್ಲಿನದು. ಹಳೇ ದೊಡ್ಡ ಸೈಕಲ್ಲಿಗೆ 28 × 1½, ಅಂದರೆ 635 ಬೇಕು. ಹದಿಮೂರು ಮಿ.ಮೀ. ವ್ಯತ್ಯಾಸ, ಎಷ್ಟು ಎಳೆದರೂ ಕೂರುವುದಿಲ್ಲ. ಊರಿನ ಹಳೇ ಸೈಕಲ್ ಅಂಗಡಿಗೆ ಹೋಗಿ ಹಳೇ ಟೈರ್ ತೋರಿಸಿ ಕೇಳಿ.

ರಾಡ್ ಬ್ರೇಕ್ ಇದ್ದರೆ ಆ ಅಲಾಯ್ ರಿಮ್ಮೂ ವಾಪಸ್ ಕಳಿಸಿ. ಈ ಬ್ರೇಕಿನ ರಬ್ಬರ್ ರಿಮ್ಮಿನ ಒಳಮುಖಕ್ಕೆ ಒತ್ತುತ್ತದೆ, ಪಕ್ಕಕ್ಕಲ್ಲ. ಹಳೇ ಉಕ್ಕಿನ ರಿಮ್ಮಿನ ಆಕಾರವೇ ಅದಕ್ಕೆ ಮಾಡಿದ್ದು. ಹೊಸ ರಿಮ್ ಹಾಕಿದರೆ ಬ್ರೇಕ್ ಹಿಡಿಯುವುದಿಲ್ಲ. ಬೆಂಡ್ ತೆಗೆಸಿ, ಕಡ್ಡಿ ಬಿಗಿ ಮಾಡಿಸಿ, ಹಳೇದನ್ನೇ ಇಟ್ಟುಕೊಳ್ಳಿ. ಕ್ರ್ಯಾಂಕ್ ಲೊಟಲೊಟ ಅಂದರೆ ಅದನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಬದಲಿಸಿ ಸಾಕು. ಮೊದಲು ಓಡುವಂತೆ ಮಾಡಿ ಅಪ್ಪನನ್ನು ಒಂದು ಸುತ್ತು ಕಳಿಸಿ. ಯಾವ ಬೆಲ್ ಬೇಕು ಅಂತ ಅವರೇ ಹೇಳಲಿ.

ಪ್ರಶ್ನೆ: ನನ್ನಲ್ಲಿ ಚೈನಿಗೆ ಹಾಕುವ ಎಣ್ಣೆ ಆರು ಬಗೆ ಇದೆ. ಡ್ರೈ, ವೆಟ್, ವ್ಯಾಕ್ಸ್, ಸೆರಾಮಿಕ್ ಎಲ್ಲ. ಆದರೂ ಮಳೆಗಾಲದಲ್ಲಿ ಚೈನ್ ತುಕ್ಕು ಹಿಡಿಯುತ್ತದೆ. ಇನ್ನೂ ಒಳ್ಳೆಯದು ಯಾವುದು? ಕೊಬ್ಬರಿ ಎಣ್ಣೆ ಹಾಕಬಹುದಾ?
— ಓದುಗರು, ಮಂಗಳೂರು

ಉತ್ತರ: ಕೊಬ್ಬರಿ ಎಣ್ಣೆ ತಲೆಗೆ. ಚೈನಿನಲ್ಲಿ ಅದು ಧೂಳು ಹಿಡಿದು ಅಂಟಂಟಾಗುತ್ತದೆ. ನಿಮ್ಮ ಕಡಲ ಗಾಳಿಗೆ, ನಿಮ್ಮ ಮಳೆಗೆ ವೆಟ್ ಅಂತ ಬರೆದಿರುವ ಒಂದೇ ಬಾಟಲಿ ಸಾಕು. ತುಕ್ಕು ಬರುತ್ತಿರುವುದು ಎಣ್ಣೆಯ ಜಾತಿಯಿಂದಲ್ಲ, ಒರೆಸದೆ ಇರುವುದರಿಂದ. ನೆನೆದು ಬಂದ ದಿನವೇ ಹಳೇ ಬನಿಯನ್ ತುಂಡಿನಲ್ಲಿ ಚೈನ್ ಒಣಗುವ ತನಕ ಒರೆಸಿ. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಮೇಲಿನ ಎಣ್ಣೆ ಮತ್ತೆ ಒರೆಸಿ. ಒಳಗಿದ್ದರೆ ಸಾಕು. ಉಳಿದ ಐದು ಬಾಟಲಿ ಗೇಟಿನ ಕೀಲಿಗೆ, ಬಾವಿ ರಾಟೆಗೆ ಖರ್ಚು ಮಾಡಿ.